ಕುಸ್ಕೋದಲ್ಲಿ ಕಾಕಾನ ಲಿಂಗ ಕಳೆದ ದಿನ

ಮೊನ್ನೆ ಗರಗದಿಂದ ಗಾಡಿಯ ಮೇಲೆ ಹುಬ್ಬಳ್ಳಿಗೆ ವಾಪಸು ಬರುವಾಗ ರಸ್ತೆಯ ಬದಿಗೆ ಯಾರೋ ನೀಲಗಿರಿ ಎಲೆ ಗುಡ್ಡೆ ಹಾಕಿ ಬೆಂಕಿ ಹಚ್ಚಿದ್ದರು. ಹೊಗೆ ಮೂಗಿಗೆ ಬಂದದ್ದೇ ತಡ, ಬ್ರೇಕು ಒತ್ತಿದೆ. ಗಾಡಿ ಬದಿಗೆ ಹಚ್ಚಿ ನಿಂತೆ.

“ಯಾಕ್ರಿ, ಪೆಟ್ರೋಲ್ ಮುಗೀತೇನು?” ಎಂದಳು ಹಿಂದೆ ಕೂತ ನನ್ನ ಹೆಂಡತಿ.

“ಇಲ್ಲ. ಕುಸ್ಕೋ ವಾಸನಿ ಬಂತು.”

“ಅಯ್ಯ, ಸಂಜೀ ಹೊತ್ತಿನ್ಯಾಗ ಆ ಊರ ಹೆಸರು ತಗೀಬ್ಯಾಡ್ರಿ” ಎಂದು ಆಕೆ ಸೆರಗಿನಿಂದ ಮೂಗು ಮುಚ್ಚಿಕೊಂಡಳು.

ಕುಸ್ಕೋ ಇರುವುದು ದಕ್ಷಿಣ ಅಮೆರಿಕದ ಪೆರು ದೇಶದಲ್ಲಿ. ಬಹಳ ಹಳೆಯ ಊರು, ರಾಜರು ಆಳಿದ ಊರು. ಎಷ್ಟು ಎತ್ತರದಲ್ಲಿದೆ ಎಂದರೆ ಹೊಸಬರಿಗೆ ಅಲ್ಲಿ ಉಸಿರು ಸಾಲುವುದಿಲ್ಲ. ಒಲೆಗೆ, ಭಟ್ಟಿಗೆ ನೀಲಗಿರಿ ಕಟ್ಟಿಗೆ ಉರಿಸುತ್ತಾರೆ. ಆ ಹೊಗೆ ಊರ ಮೇಲೆ ತೆಳ್ಳಗೆ ಹಾಸಿಕೊಂಡಿರುತ್ತದೆ. ನಾನು ಅಲ್ಲಿ ಇದ್ದದ್ದು ಒಂದು ಹಗಲು, ಒಂದು ರಾತ್ರಿ. ಆದರೆ ಆ ವರ್ಷ ಏನು ಮಾಡಿದೆ ಎಂದು ಯಾರಾದರೂ ಕೇಳಿದರೆ ನನಗೆ ನೆನಪಾಗುವುದು ಆ ಹಗಲೊಂದೇ.

ನಾನು ಏಳನೆಯ ಇಯತ್ತೆಗೆ ಸಾಲೆ ಬಿಟ್ಟವನು. ಅದನ್ನು ಮುಚ್ಚಿಡುವವನಲ್ಲ, ಅದಕ್ಕೆ ತಲೆ ತಗ್ಗಿಸುವವನೂ ಅಲ್ಲ. ಗೋಪನಕೊಪ್ಪದಲ್ಲಿ ಇವತ್ತು ನಾನು ಮಲಗುವ ಮನೆಯನ್ನು ನನ್ನ ಎರಡು ಕೈ ದುಡಿದು ಕಟ್ಟಿವೆ. ಕಾಳು ಹಸನು ಮಾಡುವ ಮಷೀನು ತಯಾರಿಸುವ ಹುಬ್ಬಳ್ಳಿಯ ಒಂದು ಕಾರ್ಖಾನೆಯಲ್ಲಿ ಫಿಟರ್ ಆಗಿದ್ದೇನೆ. ಮಷೀನು ಯಾವ ಊರಿಗೆ ಹೋಗುತ್ತದೋ ಆ ಊರಿಗೆ ಹೋಗಿ, ಅದನ್ನು ನಿಲ್ಲಿಸಿ, ಓಡಿಸಿ, ಅವರ ಕೈಗೆ ಒಪ್ಪಿಸಿ ಬರುವುದು ನಮ್ಮ ಕೆಲಸ. ನಮ್ಮ ಎಂದರೆ ನನ್ನದು ಮತ್ತು ಮಡಿವಾಳಪ್ಪ ಕಾಕಾನದು.

ಕಾಕಾ ಗರಗದವರು. ನನಗೆ ರಕ್ತಸಂಬಂಧವೇನಿಲ್ಲ. ಸಾಲೆ ಬಿಟ್ಟು ಕಾರ್ಖಾನೆಯ ಬಾಗಿಲಿಗೆ ಬಂದ ನನ್ನನ್ನು ಒಳಗೆ ಕರೆದು, ನಟ್ಟು ಬಿಗಿಯುವ ಪಾನಾ ಹಿಡಿಯುವುದನ್ನು ಕಲಿಸಿದವರು. ತಪ್ಪಿದಾಗ ಅದೇ ಪಾನಾದಿಂದ ಬೆರಳ ಗಂಟಿಗೆ ಕುಟ್ಟಿದವರೂ ಅವರೇ. ವಯಸ್ಸಾಗಿ ಕೆಲಸ ಬಿಟ್ಟಿದ್ದರೂ ದೊಡ್ಡ ಮಷೀನು ಹೊರಟಿತೆಂದರೆ ಮಾಲೀಕರು ಅವರನ್ನೇ ಕರೆಸುತ್ತಿದ್ದರು. ಹಾಗೆ ಪೆರುವಿಗೆ ಇಬ್ಬರೂ ಹೋದೆವು.

ಮೊದಲು ಇದ್ದದ್ದು ಕೆಳಗೆ, ಸಮುದ್ರದ ದಂಡೆಯ ಲಿಮಾ ಊರಿನ ಹೊರಗಿನ ಗಿರಣಿಯಲ್ಲಿ. ನಮ್ಮ ರಾಜಗಿರಿಯಂಥ ಒಂದು ಸಣ್ಣ ಕಾಳು ಅವರ ಬೆಳೆ. ಅದರ ಕಹಿ ಸಿಪ್ಪೆ ತೆಗೆಯುವ ಮಷೀನು ನಮ್ಮದು. ಹುಬ್ಬಳ್ಳಿಯಲ್ಲಿ ಮಳೆ ಹಿಡಿದಿದ್ದ ಕಾಲ, ಅಲ್ಲಿ ಥಂಡಿಯ ಕಾಲ. ಲಿಮಾದಲ್ಲಿ ಆ ದಿನಗಳಲ್ಲಿ ಸೂರ್ಯನೇ ಕಾಣುವುದಿಲ್ಲ. ಮಳೆಯೂ ಬೀಳುವುದಿಲ್ಲ, ಮೋಡವೂ ಸರಿಯುವುದಿಲ್ಲ. ಆಕಾಶ ಒದ್ದೆ ಗೋಣಿಚೀಲದ ಹಾಗೆ ತಲೆಯ ಮೇಲೆ ಇಳಿಬಿದ್ದಿರುತ್ತದೆ. ಮಷೀನಿನ ಕಾಳು ಸೋಸುವ ಒಂದು ಜಾಳಿಗೆ ಹಡಗಿನಲ್ಲಿ ಬಾಗಿ ಬಂದಿತ್ತು. ಅದನ್ನು ಬಡಿದು ನೆಟ್ಟಗೆ ಮಾಡುವುದರಲ್ಲೇ ವಾರ ಹೋಯಿತು. ನಮ್ಮ ಖಡಕ್ ರೊಟ್ಟಿ ಮುಗಿದು ಅನ್ನ, ಬಟಾಟೆಗೆ ಇಳಿದೆವು.

ಕಾಕಾನ ಒಂದು ನೇಮ ಮಾತ್ರ ಎಲ್ಲಿಯೂ ಇಳಿಯಲಿಲ್ಲ. ಬೆಳಿಗ್ಗೆ ಎದ್ದು, ಸ್ನಾನ ಮಾಡಿ, ವಿಭೂತಿ ಹಚ್ಚಿ, ಎದೆಯ ಮೇಲಿನ ಲಿಂಗವನ್ನು ಅಂಗೈಯಲ್ಲಿಟ್ಟು ಪೂಜೆ ಮಾಡುವವರೆಗೆ ಅವರ ಬಾಯಿಗೆ ಒಂದು ಹನಿ ನೀರು ಹೋಗುವುದಿಲ್ಲ. ನಾವೂ ಲಿಂಗವಂತರೇ, ಆದರೆ ನಾನು ಮಷೀನಿನ ಪಟ್ಟಾ ತಿರುಗುವಲ್ಲಿ ಕೊರಳಿಗೆ ದಾರ ಬೇಡವೆಂದು ನನ್ನ ಲಿಂಗವನ್ನು ಗೋಪನಕೊಪ್ಪದ ಜಗುಲಿಯ ಮೇಲೆಯೇ ಬಿಟ್ಟು ಬಂದಿದ್ದೆ. “ನಿನ್ನ ಲಿಂಗಪ್ಪ ಮನ್ಯಾಗ ಟಿ.ವಿ. ನೋಡ್ಕೋತ ಕುಂತಾನ” ಎಂದು ಕಾಕಾ ನನ್ನನ್ನು ಹಂಗಿಸುತ್ತಿದ್ದರು.

ಅವರ ಲಿಂಗ ಇರುತ್ತಿದ್ದದ್ದು ಬೆಳ್ಳಿಯ ಕರಡಿಗೆಯಲ್ಲಿ. ಎದೆಯ ಮೇಲೆ ತೂಗುವ ಸಣ್ಣ ಡಬ್ಬಿ ಅದು, ದಪ್ಪನೆಯ ಶಿವದಾರಕ್ಕೆ ಪೋಣಿಸಿದ್ದು. ನಮ್ಮ ದೇಶ ಬಿಡುವಾಗ ವಿಮಾನ ನಿಲ್ದಾಣದ ಯಂತ್ರ ಆ ಬೆಳ್ಳಿಗೆ ಕುಂಯ್ ಎಂದಿತು. ಪಹರೆಯವನು ಡಬ್ಬಿಯನ್ನು ಟ್ರೇಯಲ್ಲಿಡು ಎಂದ. ಟ್ರೇಯಲ್ಲಿ ಯಾರದೋ ಬೂಟು. “ಕೆರವಿನ ಸಂಗಾಟ ಇಡಾಂಗಿಲ್ಲ” ಎಂದು ಕಾಕಾ ಅಲ್ಲೇ ನಿಂತರು. ಹಿಂದೆ ಜನ ಗದ್ದಲ ಹಾಕಿದರು. ಕೊನೆಗೆ ಲಿಂಗವನ್ನು ಮುಷ್ಟಿಯಲ್ಲಿ ಹಿಡಿದು, ಖಾಲಿ ಡಬ್ಬಿಯನ್ನು ಟ್ರೇಗೆ ಎಸೆದು ದಾಟಿದರು. ಅವತ್ತಿನಿಂದ ಕರಡಿಗೆ ಪೆಟ್ಟಿಗೆಯ ತಳ ಸೇರಿತು. ಲಿಂಗವನ್ನು ಗರಗದ ಖಾದಿಯ ತುಂಡಿನಲ್ಲಿ ಸುತ್ತಿ, ಒಂದು ತೆಳ್ಳನೆಯ ದಾರಕ್ಕೆ ಗಂಟು ಹಾಕಿ ಕೊರಳಿಗೆ ಕಟ್ಟಿಕೊಂಡರು.

“ದಾರ ಸಣ್ಣದಾತಲ್ರಿ ಕಾಕಾ” ಎಂದಿದ್ದೆ.

“ನಮ್ಮೂರ ನೂಲ ಲೇ ಅದು. ನಿನ್ನ ನಟ್ಟು ಬೋಲ್ಟು ಸಡ್ಲಾದಾವು, ಇದು ಆಗೂದಿಲ್ಲ.”

ಮಷೀನು ಓಡಿತು. ಗಿರಣಿಯ ಮಾಲೀಕ ಖುಷಿಯಾಗಿ, ಊರಿಗೆ ಹೋಗುವ ಮುನ್ನ ಕುಸ್ಕೋ ನೋಡಿ ಬರ್ರಿ ಎಂದು ವಿಮಾನದ ಟಿಕೀಟು ತೆಗೆಸಿಕೊಟ್ಟ. ಕಾಕಾ ಮೊದಲು ಒಲ್ಲೆ ಎಂದರು.

“ಅಲ್ಲೆ ನೋಡೂ ಅಂಥಾದ್ದು ಏನೈತಿ?”

“ಸೂರ್ಯನ ಗುಡಿ ಐತಂತ್ರಿ.”

“ಹಂಗಾರ ನಡಿ. ಈ ಊರಾಗಂತೂ ಅವನ ಪತ್ತೇನ ಇಲ್ಲ.”

ವಿಮಾನ ನಸುಕಿನಲ್ಲೇ ಇತ್ತು. ಕಾಕಾ ಸ್ನಾನ, ಪೂಜೆ ಕುಸ್ಕೋದ ವಸತಿಗೆ ಹೋಗಿಯೇ ಮಾಡುವುದೆಂದು ಬರಿಹೊಟ್ಟೆಯಲ್ಲಿ ಹತ್ತಿದರು. ಇಳಿದಾಗ ಆಹಾ, ಏನು ಬಿಸಿಲು! ತೊಳೆದಿಟ್ಟ ತಾಮ್ರದ ತಂಬಿಗೆಯ ಹಾಗೆ ಥಳಥಳ ಎನ್ನುವ ಬಿಸಿಲು. ಆದರೆ ನೆರಳಿಗೆ ಕಾಲಿಟ್ಟರೆ ಎಲುಬಿಗೆ ನಾಟುವ ಚಳಿ. ಮಾಲೀಕ ಗೊತ್ತು ಮಾಡಿದ ಟ್ಯಾಕ್ಸಿಯ ವಿಲ್ಬರ್ ಎಂಬವನು ನಗುತ್ತ ಬಂದ. ನನ್ನ ಹಾಗೆಯೇ ಹರಕುಮುರುಕು ಇಂಗ್ಲಿಷಿನವನು, ಹಾಗಾಗಿ ಇಬ್ಬರಿಗೂ ಛಲೋ ಹೊಂದಿತು. ಬಂದವನೇ ಯಾವುದೋ ಎಲೆ ಹಾಕಿ ಕುದಿಸಿದ ನೀರು ಮುಂದೆ ಹಿಡಿದ. ಇದನ್ನು ಕುಡಿದರೆ ಎತ್ತರ ತಲೆಗೆ ಏರುವುದಿಲ್ಲ, ಎಲ್ಲರೂ ಕುಡಿಯುತ್ತಾರೆ ಎಂದ. ಕಾಕಾ ಕೈ ಅಡ್ಡ ಮಾಡಿದರು. ಹಿರಿಯರು ಕುಡಿಯದೆ ನಾನು ಕುಡಿಯುವ ರೂಢಿ ಇಲ್ಲ, ನಾನೂ ಬೇಡವೆಂದೆ.

ವಸತಿಗೆ ಹೋದರೆ ಕೋಣೆ ಮಧ್ಯಾಹ್ನಕ್ಕೆ ತೆರವಾಗುತ್ತದೆ ಎಂದರು. ಅಷ್ಟರಲ್ಲಿ ಊರು ನೋಡೋಣ ಎಂದ ವಿಲ್ಬರ್. ಕಾಕಾ, “ಆತು, ನೋಡಿ ಬಂದು ಪೂಜಿ ಮಾಡ್ತೇನಿ” ಎಂದರು.

ಮೊದಲು ಗುಡ್ಡದ ಮೇಲಿನ ಕೋಟೆ. ಆನೆಯಷ್ಟು ದೊಡ್ಡ ಕಲ್ಲುಗಳನ್ನು ಸುಣ್ಣವಿಲ್ಲ, ಗಾರೆಯಿಲ್ಲ, ಒಂದಕ್ಕೊಂದು ಕೂಡಿಸಿದ್ದಾರೆ. ಕಾಕಾ ಗೋಡೆಯ ಸಂದಿಗೆ ಉಗುರು ಹಾಕಿ ನೋಡಿದರು. ಹೋಗಲಿಲ್ಲ. “ಬಸ್ಯಾ, ಇದನ್ನ ಕೂಡ್ಸಿದಾಂವ ನಮ್ಮ ಧಂದೇದಾಂವ ಇರಬೇಕಲೇ” ಎಂದು ಗೋಡೆಯ ಬೆನ್ನು ಚಪ್ಪರಿಸಿದರು. ಅಲ್ಲಿಯೇ ಅವರ ಉಸಿರು ಸಣ್ಣಗೆ ಸೀಟಿ ಹೊಡೆಯುತ್ತಿತ್ತು. ನಾನು ಲಕ್ಷ್ಯ ಕೊಡಲಿಲ್ಲ. ನನಗೂ ತಲೆ ಧಿಮ್ಮೆನ್ನುತ್ತಿತ್ತು.

ಕೆಳಗಿಳಿದು ಬಂದರೆ ಒಂದು ಸಣ್ಣ ಚೌಕದಲ್ಲಿ ಉಣ್ಣೆಯ ಅಂಗಡಿಗಳು. ಒಂಟೆಯ ಮುಖ, ಕುರಿಯ ಮೈ ಇರುವ ಒಂದು ಪ್ರಾಣಿ ಅಲ್ಲಿದೆ. ಅದರ ಉಣ್ಣೆಯ ಸ್ವೆಟರು. ಟೋಪಿ ಹಾಕಿದ, ಎರಡು ಜಡೆಯ ಹೆಂಗಸರು ಹೆಣೆಯುತ್ತಲೇ ಮಾರುತ್ತಾರೆ. ಚಳಿಗೆ ನಡುಗುತ್ತಿದ್ದ ಕಾಕಾಗೆ ಒಂದು ತೆಗೆದುಕೊಳ್ಳುವ ಮನಸ್ಸಾಯಿತು. ನೇಕಾರರ ಊರಿನವರು, ಸುಮ್ಮನೆ ಕೊಳ್ಳುತ್ತಾರೆಯೇ? ಇದು ಮಷೀನಿನದು, ಅದು ಕೈಯದು, ಇದರ ಹೆಣಿಗೆ ಸಡಿಲು ಎನ್ನುತ್ತ ಒಂದು ಅಂಗಡಿಯಿಂದ ಇನ್ನೊಂದಕ್ಕೆ. ಕೋಟು ಬಿಚ್ಚುವುದು, ತಲೆಯ ಮೇಲಿಂದ ಹಾಕುವುದು, ತಲೆಯ ಮೇಲಿಂದ ಎಳೆಯುವುದು. ಕೊನೆಗೆ ಕಂದುಬಣ್ಣದ್ದೊಂದು ಮೈಗೆ ಬಂತು. “ಗಂಗವ್ವ ನೋಡಿದ್ರ ಕರಡಿ ಬಂತು ಅಂತಾಳ” ಎಂದು ನಕ್ಕರು. ಗಂಗವ್ವ ಅವರ ಹೆಂಡತಿ.

ಮಧ್ಯಾಹ್ನ ವಸತಿಗೆ ಬಂದೆವು. ಅಂಗಳದ ಸುತ್ತ ಕೋಣೆಗಳಿದ್ದ ಹಳೆಯ ಮನೆ. ನಡೆಸುವವಳು ಒಬ್ಬ ಮುದುಕಿ. ಕಾಕಾ ಸ್ನಾನಕ್ಕೆಂದು ಒಳಗೆ ಹೋದರು. ನಾನು ವಿಭೂತಿ ಗಟ್ಟಿ ತೆಗೆದಿಟ್ಟು, ಪೂಜೆಗೆ ಚಾಪೆ ಹಾಸುತ್ತಿದ್ದೆ. ಒಳಗಿನಿಂದ ನೀರಿನ ಸಪ್ಪಳ ಬರಲಿಲ್ಲ.

“ಬಸ್ಯಾ.”

“ಏನ್ರಿ ಕಾಕಾ?”

“ಇಲ್ಲಿ ಬಾ. ನನ್ನ ಕೊಳ್ಳಾಗ ಏನರ ಕಾಣತೈತೇನು, ನೋಡು.”

ಹೋದೆ. ಬರಿಮೈಯಲ್ಲಿ ನಿಂತಿದ್ದರು. ಎಷ್ಟೋ ವರ್ಷದ ಶಿವದಾರ ಕೂತು ಕೂತು ಕೊರಳ ಸುತ್ತ ಬಿಳಿಚಿಕೊಂಡ ಗೆರೆ ಇತ್ತು. ದಾರ ಇರಲಿಲ್ಲ.

ಬಿಚ್ಚಿದ ಅರಿವೆಯನ್ನೆಲ್ಲ ಝಾಡಿಸಿದೆ. ಕೋಣೆ, ಅಂಗಳ, ವಿಲ್ಬರನ ಟ್ಯಾಕ್ಸಿಯ ಸೀಟಿನ ಕೆಳಗೆ, ಎಲ್ಲಿಯೂ ಇಲ್ಲ. ಕಾಕಾ ಅಂಗಿ ಹಾಕಿಕೊಂಡು, ಅಂಗಳದ ಕುರ್ಚಿಯ ಮೇಲೆ ಕೂತರು. ಬಹಳ ಶಾಂತವಾಗಿ ಹೇಳಿದರು:

“ಸಿಗೂ ತನಾ ನನ್ನ ಬಾಯಿಗೆ ಏನೂ ಬ್ಯಾಡ. ನೀರೂ ಬ್ಯಾಡ.”

“ಕಾಕಾ, ನಿನ್ನಿ ಸಂಜಿಂದ ನೀವು ಏನೂ ತಗೊಂಡಿಲ್ರಿ.”

“ಲಿಂಗ ಹೋದ ಮ್ಯಾಲ ಉಣ್ಣಾಂವ ಎಂಥಾ ಲಿಂಗವಂತಲೇ? ನಮ್ಮಪ್ಪ ಹಂಗ ಕಲಿಸಿಲ್ಲ.”

ನಮ್ಮ ಹಿರಿಯರ ಮಾತು ಅದು: ಲಿಂಗ ಮೈಬಿಟ್ಟರೆ ಪ್ರಾಣವೂ ಬಿಡಬೇಕು. ಈಗ ಅಷ್ಟು ಬಿಗಿ ಯಾರೂ ಹಿಡಿಯುವುದಿಲ್ಲ. ಕಾಕಾ ಹಿಡಿಯುತ್ತಾರೆ ಎಂಬುದು ನನಗೆ ಗೊತ್ತಿತ್ತು. ಅವರ ತುಟಿ ಆಗಲೇ ಒಣಗಿ ನೀಲಿಗಟ್ಟುತ್ತಿತ್ತು.

ನಾನು, ವಿಲ್ಬರ್ ಉಣ್ಣೆಯ ಚೌಕಕ್ಕೆ ಓಡಿದೆವು. ಓಡಿದೆವು ಎಂದರೆ ನಾಲ್ಕು ಹೆಜ್ಜೆ ಓಡುವುದು, ಗೋಡೆ ಹಿಡಿದು ನಿಲ್ಲುವುದು. ಓಣಿಗಳೆಲ್ಲ ಏರು, ಎಲ್ಲ ಕಲ್ಲುಹಾಸು. ಬೇಗ ಆಗಲೆಂದು ಇಬ್ಬರೂ ಬೇರೆ ಬೇರೆ ದಾರಿ ಹಿಡಿದೆವು. ನಾನು ಫೋನಿಗೆ ಕನ್ನಡದಲ್ಲಿ ಹೇಳಿದರೆ ಅದು ಅವರ ಮಾತಿನಲ್ಲಿ ಒದರುತ್ತಿತ್ತು: ಒಂದು ಸಣ್ಣ ಕರಿಯ ಕಲ್ಲು, ಬಿಳಿ ಬಟ್ಟೆಯಲ್ಲಿದೆ, ನಮಗೆ ಬಹಳ ಪವಿತ್ರ, ನೋಡಿದ್ದೀರಾ?

ಪವಿತ್ರವಾದ ಕಲ್ಲು ಎಂದು ಕುಸ್ಕೋದಲ್ಲಿ ಕೇಳಿದರೆ ಏನಾಗುತ್ತದೆ? ಊರಿಗೆ ಊರೇ ಅದು. ಮೊದಲು ಕೇಳಿದ ಪೊಲೀಸಿನವನು ಬಹಳ ಒಳ್ಳೆಯವನು. ನನ್ನ ರಟ್ಟೆ ಹಿಡಿದು ಒಂದು ಓಣಿಗೆ ಕರೆದುಕೊಂಡು ಹೋಗಿ, ಗೋಡೆಯಲ್ಲಿ ಕೂತ ಹನ್ನೆರಡು ಮೂಲೆಯ ಒಂದು ಭಾರೀ ಕಲ್ಲು ತೋರಿಸಿದ. ಪ್ರವಾಸಿಗಳು ಅದರ ಮುಂದೆ ಫೋಟೋ ಹೊಡೆಸಿಕೊಳ್ಳುತ್ತಿದ್ದರು. ನನಗೂ ಒಂದು ಹೊಡೆಯಲೇ ಎಂದು ಕೈ ಚಾಚಿದ. ಅವನ ಮುಂದೆ ಅಳಬೇಕೋ ನಗಬೇಕೋ! ಇನ್ನೊಬ್ಬ ಸೂರ್ಯನ ಗುಡಿಯ ಕಡೆ ಕೈ ಮಾಡಿದ. ಒಬ್ಬ ಹುಡುಗಿ ಬಣ್ಣದ ಕಲ್ಲಿನ ಸರ ಮಾರಲು ಬಂದಳು. ನನ್ನ ಲಿಂಗ ನನ್ನ ಕೊರಳಲ್ಲಿ ಇದ್ದಿದ್ದರೆ ಇಂಥಾದ್ದು ಎಂದು ತೆಗೆದು ತೋರಿಸಬಹುದಿತ್ತು. ಅದು ಗೋಪನಕೊಪ್ಪದಲ್ಲಿ ಕೂತಿತ್ತು.

ಅಂಗಡಿಯ ಹೆಂಗಸರು ಮಾತ್ರ ಬಂಗಾರದಂಥವರು. ವಿಲ್ಬರ್ ಬಂದು ತಿಳಿಸಿ ಹೇಳಿದ ಮೇಲೆ, ಮಡಿಸಿಟ್ಟ ಸ್ವೆಟರಿನ ರಾಶಿಗಳನ್ನೆಲ್ಲ ನೆಲಕ್ಕೆ ಸುರಿದರು. ಒಂದೊಂದನ್ನೂ ಎತ್ತಿ ಝಾಡಿಸಿದರು. ಗಿರಾಕಿಗಳನ್ನು ಹಿಂದೆ ಕಳಿಸಿದರು. ಹಾಗೆ ಝಾಡಿಸುವಾಗ ಒಂದು ಹಸಿರು ಸ್ವೆಟರಿನ ತೋಳಿನಿಂದ ದಾರ ಜೋತುಬಿತ್ತು. ಅದೇ ತೆಳ್ಳನೆಯ ದಾರ. ನಾನು ಹಾರಿ ಹಿಡಿದೆ. ತುದಿಯಲ್ಲಿ ಏನೂ ಇರಲಿಲ್ಲ. ಗಂಟು ಸಡಿಲಿತ್ತು.

ಬಟ್ಟೆ ಸಮೇತ ಲಿಂಗ ಚೌಕದಲ್ಲಿಯೇ ಬಿದ್ದಿದೆ ಎಂದಾಯಿತು. ಮೊಣಕಾಲೂರಿ ಕಲ್ಲುಹಾಸಿನ ಸಂದಿ ಸಂದಿ ಹುಡುಕಿದೆವು. ಚೌಕದ ನಡುವೆ ಒಂದು ಸಣ್ಣ ಕಾಲುವೆ ಹರಿಯುತ್ತದೆ, ಗುಡ್ಡದ ನೀರು. ಮಧ್ಯಾಹ್ನ ಊರವರು ಕಸ ಗುಡಿಸಿ, ನೀರು ಹೊಡೆದು ಚೌಕ ತೊಳೆದಿದ್ದಾರೆ ಎಂದಳು ಅಂಗಡಿಯಾಕೆ. ಕಾಲುವೆಯಲ್ಲಿ ಮೊಣಕೈವರೆಗೆ ಕೈ ಹಾಕಿದೆ. ನೀರು ಬೆಂಕಿಯ ಹಾಗೆ ಸುಡುವಷ್ಟು ತಣ್ಣಗಿತ್ತು. ಕೈಗೆ ಬಂದದ್ದೆಲ್ಲ ಕಲ್ಲು. ಕರಿಯ ಕಲ್ಲು, ದುಂಡನೆಯ ಕಲ್ಲು, ಆದರೆ ಕಾಕಾನದಲ್ಲ. ನೀರು ಮುಂದೆ ಹೋಗಿ ನೆಲದಡಿ ಇಳಿಯುತ್ತಿತ್ತು.

ಬಿಸಿಲು ಗುಡ್ಡದ ಹಿಂದೆ ಬಿತ್ತು. ನೀಲಗಿರಿ ಹೊಗೆ ಇಳಿಯತೊಡಗಿತು. ದಾರವನ್ನು ಜೇಬಿನಲ್ಲಿಟ್ಟು ವಾಪಸು ಬಂದೆ.

ಕಾಕಾ ಅದೇ ಕುರ್ಚಿಯಲ್ಲಿದ್ದರು. ಮುದುಕಿ ಅವರಿಗೆ ರಗ್ಗು ಹೊದಿಸಿ, ಪ್ರಾಣವಾಯುವಿನ ಬಾಟಲಿ ತಂದಿಟ್ಟಿದ್ದಳು. ಪಿತ್ತ ಕಾರಿದ್ದರು. ತಲೆ ಹಿಡಿದುಕೊಂಡು ಕೂತಿದ್ದರು. ಕರೆಸಿದ್ದ ಡಾಕ್ಟರು ನಾಡಿ ನೋಡಿ, ಕಣ್ಣು ಬಿಡಿಸಿ ನೋಡಿ, ವಿಲ್ಬರನಿಗೆ ಹೇಳಿದ. ವಿಲ್ಬರ್ ನನಗೆ ಹೇಳಿದ. ಮೈಯಲ್ಲಿ ನೀರು ಇಲ್ಲ. ಈ ಎತ್ತರದಲ್ಲಿ ಇದು ಆಟವಲ್ಲ. ಬಾಯಿಂದಾಗಲಿ ಸೂಜಿಯಿಂದಾಗಲಿ ಈಗಲೇ ನೀರು ಹೋಗಬೇಕು. ಎಚ್ಚರ ತಪ್ಪುವವರೆಗೆ ಕಾದರೆ ತಡವಾಗುತ್ತದೆ.

ದಾರವನ್ನು ಕಾಕಾನ ಕೈಯಲ್ಲಿಟ್ಟೆ. ಬೆರಳಿಗೆ ಸುತ್ತಿಕೊಂಡು ನೋಡಿದರು.

“ಇಷ್ಟ ಸಿಕ್ಕಿತೇನು?”

“ಇಷ್ಟ ರಿ. ಉಳದದ್ದು ನೀರಾಗ ಹೋಗೇತಿ.”

“ಹೋಗ್ಲಿ ಬಿಡು. ನನ್ನ ತಪ್ಪು. ಬೆಳ್ಳಿ ಬಿಟ್ಟು ನೂಲಿಗೆ ಕಟ್ಟಿದೆ.”

ಬಾಟಲಿಯ ಮುಖವಾಡವನ್ನು ಅವರ ಮೂಗಿಗೆ ಹಿಡಿದೆ. ತಳ್ಳಿದರು. “ಗಾಳಿ ತಿನ್ನೂದಲ್ಲ ಕಾಕಾ, ಗಾಳಿಗೇನು ಶಾಸ್ತ್ರ ಐತಿ?” ಎಂದು ಗದರಿಸಿದೆ. ಒಂದು ಕ್ಷಣ ವಿಚಾರ ಮಾಡಿ ಒಪ್ಪಿದರು. ಆದರೆ ಡಾಕ್ಟರು ಸೂಜಿ ತೆಗೆದ ಕೂಡಲೇ ಕೈ ರಗ್ಗಿನೊಳಗೆ ಎಳೆದುಕೊಂಡರು. “ತೋಳಿಲೆ ಕುಡದರೂ ಕುಡದಂಗನ. ಅಂವಗ ಹೇಳು, ಮನಿಗೆ ಹೋಗಂತ.”

ನನಗೆ ತಿಳಿದ ಕೊನೆಯ ದಾರಿ ಎಂದರೆ ಗಂಗವ್ವ. ಇಲ್ಲಿ ಸಂಜೆಯಾದರೆ ಗರಗದಲ್ಲಿ ಬೆಳಗಿನ ಕಸ ಹೊಡೆಯುವ ಹೊತ್ತು. ವಿಡಿಯೋ ಫೋನು ಹಚ್ಚಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಆ ಕಡೆ ಕಸಬರಿಗೆ ಕೆಳಗೆ ಬಿದ್ದ ಸಪ್ಪಳ ಕೇಳಿತು. ಕಾಕಾನ ಮುಖದ ಮುಂದೆ ಫೋನು ಹಿಡಿದೆ.

“ಏನ್ರಿ ಇದು?” ಎಂದಳು ಗಂಗವ್ವ.

“ಲಿಂಗ ಹೋತು.”

“ಕೇಳಿದೆ. ನೀರು ಕುಡೀರಿ.”

“ನಿನಗ ಗೊತ್ತೈತಿ, ನಾ ಕುಡಿಯಾಂಗಿಲ್ಲ.”

“ಗೊತ್ತೈತಿ. ನಲವತ್ತು ವರ್ಷ ಆತು ನಿಮ್ಮ ಹಟದ ಸಂಗಾಟ ಸಂಸಾರ ಮಾಡಾಕತ್ತು, ನಿಮ್ಮ ಸಂಗಾಟಲ್ಲ. ನಿಮ್ಮ ಲಿಂಗಪ್ಪಗ ನೀವು ಜವಾಬು ಕೊಡ್ತೀರಿ. ನನಗ ಯಾರು ಕೊಡ್ತಾರ್ರಿ?”

ಗಂಗವ್ವ ಅಳಲಿಲ್ಲ. ಸುಮ್ಮನೆ ನೋಡುತ್ತಲೇ ಇದ್ದಳು. ಕಾಕಾ ಕಣ್ಣು ಮುಚ್ಚಿ, “ಇಡು” ಎಂದು ಮುಖ ತಿರುಗಿಸಿದರು. ನಾನು ಫೋನು ನನ್ನ ಕಡೆ ತಿರುಗಿಸಿಕೊಂಡಾಗ ಆಕೆ ಹೇಳಿದ್ದು ಒಂದೇ ಮಾತು: “ಬಸಪ್ಪ, ನಿನ್ನ ಕೈಯಾಗ ಕೊಟ್ಟೇನಿ.”

ಕೊಟ್ಟದ್ದನ್ನು ನಾನು ಕೈಬಿಟ್ಟವನಲ್ಲ. ಶಾಸ್ತ್ರ ನನಗೆ ಬರುವುದಿಲ್ಲ, ಕಾಕಾನ ಜೊತೆ ವಾದಕ್ಕಿಳಿದರೆ ಸೋಲುತ್ತೇನೆ. ಆದರೆ ಹಟ ನನಗೂ ಬರುತ್ತದೆ. ಅದನ್ನೂ ಅವರೇ ಕಲಿಸಿದ್ದು. ಮುದುಕಿ ನನಗೆಂದು ತಂದ ಎಲೆನೀರಿನ ಬಟ್ಟಲನ್ನು ಅವರ ಮುಂದಿನ ಮೇಜಿನ ಮೇಲಿಟ್ಟೆ. ಎದುರಿಗೆ ಕುರ್ಚಿ ಎಳೆದುಕೊಂಡು ಕೂತೆ.

“ಕಾಕಾ, ನೀವು ಕುಡಿಯೂ ತನಾ ನಾನೂ ಕುಡಿಯಾಂಗಿಲ್ಲ.”

“ಹುಚ್ಚರಂಗ ಮಾಡಬ್ಯಾಡ. ನಿನ್ನ ಲಿಂಗ ಮನ್ಯಾಗ ಐತಿ. ನಿನಗೇನು ದಾಡಿ?”

“ನನಗ ಶಾಸ್ತ್ರ ಗೊತ್ತಿಲ್ರಿ. ಹಿರ್ಯಾರು ಬಿಟ್ಟು ಉಂಡ ರೂಢಿ ಇಲ್ಲ, ಅಷ್ಟ ಗೊತ್ತು.”

“ನಾ ಹೇಳಾಕತ್ತೇನಿ, ಕುಡಿ.”

“ನೀವು ಹೇಳಿದ್ದೆಲ್ಲ ಕೇಳೇನಿ. ಇದೊಂದು ಕೇಳಾಂಗಿಲ್ಲ.”

“ಲೇ, ಪಾನಾ ಎಲ್ಲೈತಿ?” ಎಂದರು. ನಗಬೇಕೆಂದಿದ್ದರು, ಕೆಮ್ಮು ಬಂತು.

ಹಾಗೆ ಕೂತೆವು. ವಿಲ್ಬರ್ ಕಂಬಕ್ಕೆ ಒರಗಿ ನಿಂತಿದ್ದ. ಡಾಕ್ಟರು ಹೋಗದೆ ಗಡಿಯಾರ ನೋಡುತ್ತಿದ್ದ. ಚಳಿ ಏರಿತು. ಮುದುಕಿ ಬಟ್ಟಲಿನ ಎಲೆನೀರು ಆರಿದಾಗ ಒಯ್ದು ಬಿಸಿಯದು ತರುವಳು, ಅದು ಆರುವುದು, ಮತ್ತೆ ತರುವಳು. ನನ್ನ ನಾಲಿಗೆ ಅಂಗುಳಕ್ಕೆ ಅಂಟಿತ್ತು. ದಿನವೆಲ್ಲ ಏರು ಹತ್ತಿ ಇಳಿದ ಮೈ. ಕಿವಿಯಲ್ಲಿ ಗಿರಣಿ ಓಡುವ ಸದ್ದು. ಕಾಕಾ ರೆಪ್ಪೆ ಎತ್ತಿ ಎತ್ತಿ ನನ್ನನ್ನೇ ನೋಡುತ್ತಿದ್ದರು, ಮೊದಲು ಸಿಟ್ಟಿನಿಂದ, ಆಮೇಲೆ ಬೇರೆ ನಮೂನೆಯಲ್ಲಿ. ನಾನು ಕಣ್ಣು ತೆಗೆಯಲಿಲ್ಲ.

ಮೇಲ್ತುಟಿಯ ಮೇಲೆ ಏನೋ ಬೆಚ್ಚಗೆ ಹರಿದಂತಾಯಿತು. ಒರೆಸಿಕೊಂಡೆ, ಕೈಯೆಲ್ಲ ಕೆಂಪು. ಮೂಗಿನಿಂದ ರಕ್ತ. ಅಂಗಳ ಒಂದು ಸುತ್ತು ತಿರುಗಿತು. ಕುರ್ಚಿಯಿಂದ ಜಾರಿ ಕಲ್ಲಿನ ಮೇಲೆ ಕೂತುಬಿಟ್ಟೆ. ಡಾಕ್ಟರು ಓಡಿ ಬಂದು ನನ್ನ ತಲೆ ಹಿಡಿದ. ಮುದುಕಿ ನನ್ನ ತುಟಿಗೆ ಬಟ್ಟಲು ಹಿಡಿದಳು. ನಾನು ಹಲ್ಲು ಬಿಗಿಹಿಡಿದೆ. ನೀರು ಗದ್ದದ ಮೇಲೆ ಹರಿದು ಅಂಗಿಗೆ ಇಳಿಯಿತು. ಇದು ನಾಟಕವಾಗಿರಲಿಲ್ಲ. ಇವತ್ತಿಗೂ ಹೇಳುತ್ತೇನೆ, ಅವರು ಕುಡಿಯದಿದ್ದರೆ ನಾನೂ ಕುಡಿಯುತ್ತಿರಲಿಲ್ಲ. ಕಾಕಾಗೂ ಅದು ಗೊತ್ತಾಯಿತು.

ಕುರ್ಚಿ ಕಿರ್ ಎಂದಿತು. ರಗ್ಗು ಎಳೆದುಕೊಂಡೇ ಕಾಕಾ ಎದ್ದು ಬಂದಿದ್ದರು. ಮುದುಕಿಯ ಕೈಯಿಂದ ಬಟ್ಟಲು ಕಸಿದುಕೊಂಡರು. ಒಂದು ಸಲ ಮೂಸಿ ನೋಡಿ ವಿಲ್ಬರನಿಗೆ, “ಇದ್ರಾಗ ನಶಾ ಗಿಶಾ ಇಲ್ಲಲ್ಲ?” ಎಂದು ಕನ್ನಡದಲ್ಲೇ ಕೇಳಿದರು. ಅವನು ಏನು ತಿಳಿದನೋ, ತಲೆ ಅಲ್ಲಾಡಿಸಿದ. ಕಾಕಾನ ಬಲಗೈ ಎದೆಯ ಮೇಲೆ ಹೋಯಿತು, ಅಲ್ಲಿ ಏನೂ ಇಲ್ಲದ ಜಾಗವನ್ನು ಮುಟ್ಟಿತು, ಇಳಿಯಿತು. ಗಟಗಟನೆ ಕುಡಿದರು. ಅರ್ಧ ಉಳಿದದ್ದನ್ನು ನನ್ನ ಬಾಯಿಗೆ ಒತ್ತಿದರು.

“ಕುಡಿ. ಈಗರ ಕುಡಿ, ಹಲಕಟ್ ನನ ಮಗನ.”

ಕುಡಿದೆ. ಒಣಹುಲ್ಲಿನ ರುಚಿ. ಇಬ್ಬರಿಗೂ ಒಂದೇ ಕೋಣೆಯಲ್ಲಿ ಸಲಾಯಿನ್ ಹಚ್ಚಿದರು. ಕಾಕಾ ಗೋಡೆಯ ಕಡೆ ಮುಖ ಮಾಡಿ ಮಲಗಿದರು. ಅಳುತ್ತಿದ್ದರೋ ನಿದ್ದೆಯೋ ನಾನು ನೋಡಲು ಹೋಗಲಿಲ್ಲ. ಮರುದಿನ ವಿಲ್ಬರ್ ಇನ್ನೊಮ್ಮೆ ಕಾಲುವೆಗಿಳಿದು ನೋಡಿ ಬಂದ. ಸಿಗಲಿಲ್ಲ. ವಿಮಾನದ ಕಿಟಕಿಯಿಂದ ಆ ಕೆಂಪು ಹಂಚಿನ ಊರು ಕಂಡಾಗ ಕಾಕಾ ಒಮ್ಮೆ ಕೈ ಮುಗಿದರು. ಸೂರ್ಯನಿಗೋ, ಕಾಲುವೆಗೋ, ಕೇಳಲಿಲ್ಲ.

ಗರಗದಲ್ಲಿ ಸುದ್ದಿ ನಮಗಿಂತ ಮೊದಲೇ ಇಳಿದಿತ್ತು. ಗಂಗವ್ವ ಒಂದು ಮಾತೂ ಕೆದಕದೆ ರೊಟ್ಟಿ ಬಡಿದು ಹಾಕಿದಳು. ಆದರೆ ಕಟ್ಟೆಯ ಮೇಲೆ ಕೂತವರು ಬಿಡುತ್ತಾರೆಯೇ? “ಅಷ್ಟು ಕಟ್ಟುನಿಟ್ಟಿನ ಮನಶ್ಯಾ, ಪರದೇಶಕ್ಕ ಹೋಗಿ ನೀರು ಕುಡದ್ನಂತ” ಎನ್ನುವ ಮಾತು ನನ್ನ ಕಿವಿಗೂ ಬಿತ್ತು. ಆಡಿದವನ ಕೊರಳಪಟ್ಟಿ ಹಿಡಿಯಲು ಎದ್ದೆ. ಕಾಕಾ ನನ್ನ ರಟ್ಟೆ ಹಿಡಿದು ಕೂಡಿಸಿದರು. ಹೊಸ ಲಿಂಗ ಪಡೆಯದೆ ಅವರು ದೇವರ ಮನೆಯ ಹೊಸ್ತಿಲು ದಾಟುವಂತಿರಲಿಲ್ಲ. ಅದಕ್ಕೆ ನಮ್ಮ ಗುರುಗಳಾದ ಮಠದ ಅಜ್ಜಾರ ಮುಂದೆ ನಿಂತು, ನಡೆದದ್ದನ್ನು ಬಾಯಿಬಿಟ್ಟು ಹೇಳಬೇಕು. ನನ್ನನ್ನೂ ಕರೆದುಕೊಂಡು ಹೋದರು.

ಮಠದಲ್ಲಿ ಜನ ಇದ್ದರು. ಕಟ್ಟೆಯವರೂ ಇದ್ದರು. ಅಜ್ಜಾರು ಬಹಳ ವಯಸ್ಸಾದವರು, ಸಣ್ಣ ದನಿ. ಕಾಕಾ ಕಳೆದದ್ದು ಹೇಗೆ ಎಂದು ಹೇಳಿದರು. ಬೆಳ್ಳಿ ಬಿಟ್ಟದ್ದು, ನೂಲಿಗೆ ಕಟ್ಟಿದ್ದು, ಯಾವುದನ್ನೂ ಮುಚ್ಚಲಿಲ್ಲ. ಅಜ್ಜಾರು ಕಣ್ಣು ಮುಚ್ಚಿ ಕೇಳಿದರು.

“ಲಿಂಗ ಇಲ್ದನ ನೀರು ಮುಟ್ಟೀಯೇನು?”

“ಮುಟ್ಟೇನ್ರಿ ಅಜ್ಜಾರ.”

“ಯಾರರ ಒತ್ತಾಯ ಮಾಡಿದ್ರೇನು? ಒತ್ತಾಯಕ್ಕ ಕುಡದಿದ್ರ ಹೇಳು, ಅದಕ್ಕ ಬ್ಯಾರೆ ವಿಚಾರ ಐತಿ.”

ನಾನು ಹಿಂದೆ ನಿಂತಿದ್ದೆ. ಒಂದು ಹೆಜ್ಜೆ ಮುಂದಿಟ್ಟೆ, ಬಾಯಿ ತೆರೆದೆ. ಕಾಕಾ ತಿರುಗಿ ನೋಡದೆಯೇ ಎಡಗೈ ಹಿಂದೆ ಚಾಚಿ, ಅಂಗೈಯನ್ನು ನನ್ನ ಎದೆಗೆ ಅಡ್ಡ ಹಿಡಿದರು.

“ಯಾರೂ ಇಲ್ರಿ. ನೀರಡಿಕಿ ಆಗಿತ್ತು, ಕುಡದೆ.”

ಕಟ್ಟೆಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಜ್ಜಾರು ಕಣ್ಣು ತೆರೆದು ಕಾಕಾನನ್ನು ನೋಡಿದರು, ಆಮೇಲೆ ಅವರ ಕೈಯ ಹಿಂದೆ ನಿಂತ ನನ್ನನ್ನು, ಮತ್ತೆ ಕಾಕಾನನ್ನು.

“ಆತು” ಎಂದರು. “ಅಂಗೈ ಚಾಚು.”